ಗೆನ್ನಾ ಬೆಟ್ಟದ ಪೊಲೀಸ್ ಪರೀಕ್ಷೆ

ಹನ್ನೊಂದು ವರ್ಷಗಳ ಮೇಲೆ ಅಡೀಲಾ ಫೋನ್ ಮಾಡಿದಾಗ ಮೈಥಿಲಿಯವರಿಗೆ ದನಿಯ ಗುರುತು ಹತ್ತಲಿಲ್ಲ. ಬೆಳಗಿನ ಒಂಬತ್ತು ಗಂಟೆ. ಮಗಳು ಹಂಸಾ ಪ್ಲೆಸೆಂಟನ್‌ನ ಆಫೀಸಿಗೆ ಹೊರಟುಹೋಗಿದ್ದಳು. ಗಂಡ ಜಗನ್ನಾಥ ಅಡುಗೆಮನೆಯಲ್ಲಿ ಒಗ್ಗರಣೆಗೆ ಸಾಸಿವೆ ಹುಡುಕುತ್ತಿದ್ದರು. ಫೋನಿನ ಪರದೆಯ ಮೇಲೆ ಕಂಡ ಹೆಂಗಸು ನೀಲಿ ಕೋಟು ತೊಟ್ಟಿದ್ದಳು. ಅವಳ ಬೆನ್ನ ಹಿಂದೆ ಒಂದು ರಾಷ್ಟ್ರಧ್ವಜ ಇತ್ತು.

"ಮೇಡಂ, ನಾನು ಅಡೀಲಾ. ನಿಮ್ಮ ದುಭಾಷಿ. ಬೆಟ್ಟದ ರಸ್ತೆಯಲ್ಲಿ ಜೀಪು ತಿರುಗಿದಾಗಲೆಲ್ಲ ವಾಂತಿ ಮಾಡುತ್ತಿದ್ದ ಹುಡುಗಿ."

ಮೈಥಿಲಿ ನಕ್ಕುಬಿಟ್ಟರು. ತಾರಿಂಬಾದ ಆ ಕೆಂಪು ಧೂಳು, ಆ ಜೀಪು, ಹಿಂದಿನ ಸೀಟಿನಲ್ಲಿ ಕರವಸ್ತ್ರ ಬಾಯಿಗೆ ಒತ್ತಿಕೊಂಡು ಕೂತಿರುತ್ತಿದ್ದ ಇಪ್ಪತ್ತೇಳರ ಹುಡುಗಿ ಒಟ್ಟಿಗೇ ನೆನಪಾದರು.

ಮೈಥಿಲಿ ಮೈಸೂರಿನವರು. ಪೊಲೀಸ್ ಇಲಾಖೆಯಲ್ಲಿ ಹೆಂಗಸರು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿ ಸೇರಿ, ಎಸ್ಪಿಯಾಗಿ ನಿವೃತ್ತರಾದವರು. ನಿವೃತ್ತಿಗೆ ಕೆಲವು ವರ್ಷ ಮೊದಲು ಒಂದು ಶಾಂತಿಪಾಲನಾ ತಂಡದ ಜೊತೆ ತಾರಿಂಬಾ ಎಂಬ ಚಿಕ್ಕ ದೇಶಕ್ಕೆ ಹೋಗಿದ್ದರು. ಅಂತರ್ಯುದ್ಧ ಮುಗಿದು ಹೊಸದಾಗಿ ಪೊಲೀಸ್ ಪಡೆ ಕಟ್ಟುತ್ತಿದ್ದ ದೇಶ ಅದು. ಯಾರನ್ನು ಸೇರಿಸಿಕೊಳ್ಳಬೇಕು, ಹೇಗೆ ತರಬೇತಿ ಕೊಡಬೇಕು ಎಂದು ಸಲಹೆ ಕೊಡುವುದು, ಆಯ್ಕೆ ಪಟ್ಟಿಗೆ ಒಪ್ಪಿಗೆಯ ಸಹಿ ಹಾಕುವುದು ಅವರ ಕೆಲಸವಾಗಿತ್ತು. ಈಗ ಗಂಡ ಹೆಂಡತಿ ಇಬ್ಬರೂ ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಡಬ್ಲಿನ್‌ನಲ್ಲಿ ಮಗಳ ಜೊತೆ ಇದ್ದರು. ಅಳಿಯನಿಗೆ ಆ ವರ್ಷ ಬೇರೆ ಊರಿನಲ್ಲಿ ಕೆಲಸ.

"ನೀನೀಗ ಏನು ಮಾಡ್ತಿದ್ದೀಯ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಗೃಹ ಇಲಾಖೆಯ ಉಪಮಂತ್ರಿ. ನಂಬಿಕೆ ಬರುವುದಿಲ್ಲ ಅಲ್ಲವೇ? ನನಗೂ ಬಂದಿಲ್ಲ." ನಗು ನಿಂತಿತು. "ಮೇಡಂ, ನಿಮ್ಮಿಂದ ಒಂದು ಉಪಕಾರವಾಗಬೇಕು. ಹೆಡ್‌ಮಾಸ್ಟರ್ ಕೊಯಾನ್ ನೆನಪಿದ್ದಾರೆಯೇ?"

ಆ ಹೆಸರು ಕೇಳಿ ಮೈಥಿಲಿ ಕುರ್ಚಿಯ ಮೇಲೆ ಕೂತರು.

ಅಡೀಲಾ ವಿಷಯ ಹೇಳಿದಳು. ತಾರಿಂಬಾದಲ್ಲಿ ರಾಜಧಾನಿ, ಬಂದರು, ಕಾಲೇಜುಗಳೆಲ್ಲ ಕರಾವಳಿಯಲ್ಲಿ. ಒಳನಾಡಿನಲ್ಲಿ ಗೆನ್ನಾ ಬೆಟ್ಟಗಳು. ಬೆಟ್ಟದವರ ಭಾಷೆ ಬೇರೆ, ಬದುಕು ಬೇರೆ. ಒಂಬತ್ತು ವರ್ಷಗಳಿಂದ ಬೆಟ್ಟದಲ್ಲಿ ದಂಗೆ ನಡೆಯುತ್ತಿತ್ತು. ಹೊಸದಾಗಿ ಗೆದ್ದ ಅಧ್ಯಕ್ಷರು ಎಲ್ಲ ಪ್ರಾಂತ್ಯದವರನ್ನೂ ಸೇರಿಸಿಕೊಂಡ ಸರ್ಕಾರ ಮಾಡುತ್ತೇನೆ ಎಂದು ಮಾತು ಕೊಟ್ಟಿದ್ದರು. ಇಪ್ಪತ್ತೊಂದು ಮಂತ್ರಿಗಳಲ್ಲಿ ಇಪ್ಪತ್ತು ಜನ ಪ್ರಮಾಣವಚನ ತೆಗೆದುಕೊಂಡೂ ಆಗಿತ್ತು. ಗೆನ್ನಾದ ಸ್ಥಾನ ಮಾತ್ರ ಖಾಲಿ. ಒಪ್ಪಿಕೊಂಡವರನ್ನು ಬಂಡುಕೋರರು ದ್ರೋಹಿ ಎಂದು ಕೊಲ್ಲುತ್ತಾರೆಂಬ ಭಯ ಕೆಲವರಿಗೆ. ಉಳಿದವರಿಗೆ ರಾಜಧಾನಿಯ ಮೇಲೆಯೇ ನಂಬಿಕೆ ಇಲ್ಲ.

"ಸೇನೆಯವರು ನನಗೆ ಆರು ವಾರ ಕೊಟ್ಟಿದ್ದಾರೆ. ಅಷ್ಟರಲ್ಲಿ ಬೆಟ್ಟದ ಹಿರಿಯರು ಯಾರೂ ಮಾತಿಗೆ ಕೂರದಿದ್ದರೆ ದೊಡ್ಡ ದಾಳಿ ಮಾಡುತ್ತಾರೆ. ಬರೀ ಬಂಡುಕೋರರು ಸಾಯುವುದಿಲ್ಲ ಮೇಡಂ, ನಿಮಗೆ ಗೊತ್ತು. ಕೊಯಾನ್ ಮಾತನ್ನು ಬೆಟ್ಟದವರು ಕೇಳುತ್ತಾರೆ. ಬಂಡುಕೋರರ ನಾಯಕ ಸಾಮು ಅವರ ಶಾಲೆಯಲ್ಲೇ ಓದಿದವನು. ದಂಗೆ ಶುರುವಾದ ಮೇಲೆ ದೇಶ ಬಿಟ್ಟ ಅವರೀಗ ನಿಮ್ಮ ಹತ್ತಿರವೇ ಇದ್ದಾರೆ, ಮಿಲ್ಪಿಟಾಸ್‌ನಲ್ಲಿ. ನಮ್ಮ ರಾಯಭಾರಿ ಎರಡು ಸಲ ಫೋನ್ ಮಾಡಿದರು. ತಾರಿಂಬಾ ಸರ್ಕಾರ ಎಂದ ಕೂಡಲೇ ಇಟ್ಟುಬಿಟ್ಟರಂತೆ."

"ಅಡೀಲಾ, ಅವರಿಗೆ ನನ್ನ ಮುಖ ನೋಡಲೂ ಇಷ್ಟವಿರಲಿಕ್ಕಿಲ್ಲ."

"ಇರಲಿಕ್ಕಿಲ್ಲ. ಆದರೆ ಅವರು ಮೂರು ಸಲ ಬೆಟ್ಟ ಇಳಿದು ಬಂದದ್ದು ನಿಮ್ಮ ಆಫೀಸಿಗೆ. ಬೇರೆ ಯಾರ ಆಫೀಸಿಗೂ ಬರಲಿಲ್ಲ."

ಅದು ನಿಜವಾಗಿತ್ತು. ಆ ವರ್ಷ ಆರುನೂರು ಪೊಲೀಸರ ಆಯ್ಕೆ ನಡೆದಿತ್ತು. ಎಲ್ಲರಿಗೂ ಒಂದೇ ಲಿಖಿತ ಪರೀಕ್ಷೆ, ಕರಾವಳಿಯ ಭಾಷೆಯಲ್ಲಿ. ಬೆಟ್ಟದಿಂದ ಬಂದ ಇನ್ನೂರ ಎಂಬತ್ತು ಹುಡುಗರಲ್ಲಿ ಒಬ್ಬನೂ ಪಾಸಾಗಲಿಲ್ಲ. ಕೊಯಾನ್ ಮೊದಲ ಸಲ ಬಂದು ವಿನಯದಿಂದ ಕೇಳಿದ್ದರು. ಎರಡನೆಯ ಸಲ ತಾವೇ ಬೆಟ್ಟದ ಭಾಷೆಗೆ ಅನುವಾದಿಸಿದ ಪ್ರಶ್ನೆಪತ್ರಿಕೆ ತಂದಿದ್ದರು. ಮೂರನೆಯ ಸಲ ಬಾಗಿಲಲ್ಲೇ ನಿಂತು, "ಇವತ್ತು ನಮ್ಮ ಹುಡುಗರಿಗೆ ಲಾಠಿ ಕೊಡದಿದ್ದರೆ ನಾಳೆ ಬೇರೆ ಯಾರಾದರೂ ಬಂದೂಕು ಕೊಡುತ್ತಾರೆ" ಎಂದಿದ್ದರು. ನಿಯಮ ಎಲ್ಲರಿಗೂ ಒಂದೇ ಎಂದು ಹೇಳಿ ಮೈಥಿಲಿ ಪಟ್ಟಿಗೆ ಸಹಿ ಹಾಕಿದ್ದರು. ಎರಡು ವರ್ಷದ ನಂತರ ಗೆನ್ನಾದ ಸಂತೆಯಲ್ಲಿ, ಮಾತು ಅರ್ಥವಾಗದ ಪೊಲೀಸರಿಗೂ ಬೆಟ್ಟದ ವ್ಯಾಪಾರಿಗಳಿಗೂ ಜಗಳವಾಗಿ ಗುಂಡು ಹಾರಿತು. ದಂಗೆ ಶುರುವಾದದ್ದು ಆ ಸಂತೆಯಿಂದಲೇ.

ಕೊಯಾನ್‌ಗೆ ಮೈಥಿಲಿ ಒಂದು ಚಿಕ್ಕ ಸಂದೇಶ ಕಳಿಸಿದರು. ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಒಂದು ಸಮಯ, ಒಂದು ಅಂಗಡಿಯ ವಿಳಾಸ ಬಂತು. ಬೇರೆ ಒಂದಕ್ಷರವೂ ಇರಲಿಲ್ಲ.

ಡಬ್ಲಿನ್‌ನಲ್ಲಿ ಬಾರ್ಟ್ ರೈಲು ಹತ್ತಿ, ಬೇಫೇರ್‌ನಲ್ಲಿ ಬದಲಿಸಿ, ಮಿಲ್ಪಿಟಾಸ್‌ನಲ್ಲಿ ಇಳಿದಾಗ ಮೂರು ಗಂಟೆ. ಇಂಡಿಯನ್ ಗ್ರಾಸರಿಯ ಪಕ್ಕದ ಚಹಾ ಅಂಗಡಿಯಲ್ಲಿ ಕೊಯಾನ್ ಆಗಲೇ ಬಂದು ಕೂತಿದ್ದರು. ಒಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಸರ್ಕ್ಯೂಟ್ ಬೋರ್ಡುಗಳನ್ನು ಪರೀಕ್ಷಿಸುವ ಕೆಲಸ ಅವರದು. ಕಾರ್ಖಾನೆಯ ನೀಲಿ ಅಂಗಿಯಲ್ಲೇ ಬಂದಿದ್ದರು. ಬೆನ್ನು ಮಾತ್ರ ಹೆಡ್‌ಮಾಸ್ಟರರದೇ, ನೆಟ್ಟಗೆ.

"ಕೂದಲು ಬೆಳ್ಳಗಾಗಿದೆ ಮೇಡಂ" ಎಂದರು.

"ನಿಮ್ಮದೂ."

"ಅಡೀಲಾ ಕಳಿಸಿದಳೋ?"

"ಹೌದು." ಸುತ್ತಿ ಬಳಸದೆ ಮೈಥಿಲಿ ಬಂದ ಕಾರಣ ಹೇಳಿದರು. ಖಾಲಿ ಇರುವ ಮಂತ್ರಿ ಸ್ಥಾನ, ಸೇನೆಯ ಗಡುವು, ಎಲ್ಲವನ್ನೂ.

ಕೊಯಾನ್ ಕೊನೆಯವರೆಗೂ ಕೇಳಿದರು. "ಅಂದರೆ ಫೋಟೊದಲ್ಲಿ ಒಂದು ಬೆಟ್ಟದ ಮುಖ ಬೇಕು. ಮುಂದೆ ನಾನು ಕೂತಿರಬೇಕು, ಹಿಂದೆ ಸೇನೆ ಬೆಟ್ಟ ಹತ್ತಬೇಕು. ಊರಿನವರು ಕೇಳಿದರೆ, ನಿಮ್ಮವರೇ ಮಂತ್ರಿ ಇದ್ದಾರಲ್ಲ ಎನ್ನಬಹುದು."

"ಹಾಗಲ್ಲ..."

"ಮತ್ತೆ ಹೇಗೆ? ಆ ಪರೀಕ್ಷೆಯೂ ಎಲ್ಲರಿಗಾಗಿಯೇ ಇತ್ತಲ್ಲ."

ಮೈಥಿಲಿ ತಡವರಿಸಿದರು. "ಅದು ಮೇಲಿನಿಂದ ಬಂದ ನಿಯಮ. ಎಲ್ಲರಿಗೂ ಒಂದೇ ಪರೀಕ್ಷೆ ಎಂದರೆ ನ್ಯಾಯ ಎಂದು ಆಗ ಎಲ್ಲರೂ ಅಂದುಕೊಂಡಿದ್ದೆವು."

ಕೊಯಾನ್ ಅರ್ಧ ಕುಡಿದ ಚಹಾ ಕೆಳಗಿಟ್ಟರು. ಅವರ ದನಿ ಏರಲಿಲ್ಲ. "ಹನ್ನೊಂದು ವರ್ಷದ ಹಿಂದೆಯೂ ಇದೇ ಮಾತು ಹೇಳಿದಿರಿ. ಆಗ ನಿಮ್ಮ ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು, ಈಗ ಎ.ಸಿ. ಇದೆ. ಅಷ್ಟೇ ವ್ಯತ್ಯಾಸ." ಎದ್ದು, ನಮಸ್ಕಾರ ಮಾಡಿ, ಹೊರಟುಹೋದರು.

ಸಂಜೆ ಮನೆಗೆ ಬಂದ ಮೈಥಿಲಿ ನೇರವಾಗಿ ಪಾತ್ರೆ ತೊಳೆಯಲು ನಿಂತರು. ಊಟ ಮುಗಿದ ಮೇಲೆ ಜಗನ್ನಾಥ ಪಕ್ಕದಲ್ಲಿ ಬಂದು ಕೂತರು. ಮೈಸೂರಿನ ಕಾಲೇಜಿನಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದ ಮನುಷ್ಯ. ಹೆಂಡತಿ ಹೇಳುವವರೆಗೂ ಕಾಯುವುದು ಅವರಿಗೆ ಅಭ್ಯಾಸವಾಗಿತ್ತು. ಅಂದು ಕಾಯಲಿಲ್ಲ.

"ಏನಂದ್ರು?"

"ಆಗಲ್ಲ ಅಂದ್ರು. ನಾನು ನಿಯಮ ಗಿಯಮ ಅಂತ ಏನೋ ಹೇಳ್ದೆ. ಎದ್ದು ಹೋದ್ರು."

"ನಿಯಮ ಅಂದ್ಯಾ?" ಜಗನ್ನಾಥ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಮೈಥಿಲಿ, ಬೇಜಾರ್ ಮಾಡ್ಕೋಬೇಡ. ಆ ಲಿಸ್ಟಿಗೆ ಸೈನ್ ಹಾಕೋ ದಿನ ಬೆಳಿಗ್ಗೆ ನೀನು ನಂಗೆ ಫೋನ್ ಮಾಡಿದ್ದೆ. ಏನ್ ಹೇಳಿದ್ದೆ ಜ್ಞಾಪಕ ಇದ್ಯಾ?"

"ಏನ್ ಹೇಳಿದ್ದೆ?"

"'ಇದು ಸರಿಯಿಲ್ಲ ರೀ. ಒಂದ್ ನೋಟ್ ಬರೆದ್ರೆ ನಿಲ್ಲತ್ತೆ. ಆದ್ರೆ ನಿಲ್ಸಿದ್ರೆ ಮತ್ತೆ ಪರೀಕ್ಷೆ ಮಾಡೋಕೆ ಆರು ತಿಂಗಳು ನಾನೇ ಇಲ್ಲಿರ್ಬೇಕು. ಹಂಸಾ ಮದ್ವೆ ಇದೆ' ಅಂದೆ. ನಾನೂ ಬಾ ಬಾ ಅಂದೆ. ತಪ್ಪಲ್ಲಿ ನಂದೂ ಪಾಲಿದೆ ಅಂತಿಟ್ಕೋ. ಅದನ್ನ ಅವರಿಗೆ ಹೇಳಿದ್ಯಾ?"

ಮೈಥಿಲಿಗೆ ಆ ಫೋನ್ ಮರೆತೇ ಹೋಗಿತ್ತು. ಅಥವಾ, ಅವರೇ ಆಮೇಲೆ ಯೋಚಿಸಿದಂತೆ, ಮರೆಯುವುದು ಅನುಕೂಲವಾಗಿತ್ತು. ಎಷ್ಟೋ ವರ್ಷ ಅವರು ತಮಗೆ ತಾವೇ ನಿಯಮದ ಕಥೆ ಹೇಳಿಕೊಂಡು ಅದನ್ನೇ ನಂಬಿದ್ದರು. ಗಂಡ ಅಷ್ಟು ಮೃದುವಾಗಿ ಹೇಳಿದ್ದು ಕೇಳಿ ನಾಚಿಕೆಯಾಯಿತು. ಒಂದು ಕ್ಷಣ ಸಿಟ್ಟೂ ಬಂತು. ಎದ್ದು ಹೋಗಿ ಮಲಗಿದರು.

ಮಾರನೆಯ ಬೆಳಿಗ್ಗೆ ಕಾಫಿ ಕುಡಿದು ಬರೆಯಲು ಕೂತರು. ಒಂದೂವರೆ ಪುಟ. ಪೊಲೀಸ್ ವರದಿಯ ಹಾಗೆ, ವಿಶೇಷಣಗಳಿಲ್ಲದೆ. ಬೆಟ್ಟದ ಹುಡುಗರನ್ನು ಅವರ ಭಾಷೆಯಲ್ಲಿ ಪರೀಕ್ಷಿಸಬೇಕಿತ್ತು ಎಂದು ನನಗೆ ಅವತ್ತೇ ಗೊತ್ತಿತ್ತು. ಅದನ್ನು ಬದಲಿಸುವ ಅಧಿಕಾರ ನನಗಿತ್ತು. ಮಗಳ ಮದುವೆಗೆ ಊರಿಗೆ ಹೋಗಬೇಕಿತ್ತು, ಆದ್ದರಿಂದ ಸಹಿ ಹಾಕಿದೆ. ಹೆಡ್‌ಮಾಸ್ಟರ್ ಕೊಯಾನ್ ಎಚ್ಚರಿಸಿದ್ದು ಪೂರ್ತಿ ಸರಿಯಾಗಿತ್ತು. ಇದನ್ನು ಯಾರು ಬೇಕಾದರೂ ಎಲ್ಲಿ ಬೇಕಾದರೂ ಪ್ರಕಟಿಸಬಹುದು. ಕೆಳಗೆ ಪೂರ್ತಿ ಹೆಸರು, ಹಳೆಯ ಹುದ್ದೆ ಬರೆದರು. ಒಂದು ಪ್ರತಿ ಕೊಯಾನ್‌ಗೆ, ಒಂದು ಅಡೀಲಾಗೆ ಹೋಯಿತು.

ಹಂಸಾ ಅದನ್ನು ಓದಿ ದಂಗಾದಳು. "ಅಮ್ಮ, ಇದ್ರಲ್ಲಿ ನನ್ ಮದ್ವೆ ವಿಷ್ಯ ಬೇರೆ ಬರ್ದಿದೀಯಾ? ಯಾರಾದ್ರೂ ಪೇಪರಲ್ಲಿ ಹಾಕಿದ್ರೆ?"

"ಹಾಕ್ಲಿ ಕಣೇ. ಅದೊಂದು ಬಿಟ್ಟು ಬರೆದ್ರೆ ಮಿಕ್ಕಿದ್ದೆಲ್ಲ ಸುಳ್ಳಾಗತ್ತೆ."

ಹಂಸಾ ಕಾಗದವನ್ನು ಇನ್ನೊಮ್ಮೆ ಓದಿದಳು. ಅವಳ ಕಣ್ಣು ತುಂಬಿತ್ತು. "ನೀನು ಮುಂಚೆನೇ ಹೇಳಿದ್ರೆ ಮದ್ವೆ ಆರು ತಿಂಗಳು ಮುಂದಕ್ಕೆ ಹಾಕ್ತಿದ್ದೆ" ಎಂದಳು. ಆಮೇಲೆ, "ಅವರನ್ನ ಮನೆಗೆ ಊಟಕ್ಕೆ ಕರಿ. ಅಂಗಡೀಲಿ ಕೂತು ಆಡೋ ಮಾತಲ್ಲ ಇದು" ಎಂದಳು.

ಕಾಗದ ಓದಿ ಫೋನ್ ಮಾಡಿದ ಅಡೀಲಾ ಹೌಹಾರಿದ್ದಳು. "ಮೇಡಂ, ಈಗಿನ ನಮ್ಮ ಪೊಲೀಸ್ ಮುಖ್ಯಸ್ಥರು ಆ ಆರುನೂರರಲ್ಲಿ ಒಬ್ಬರು. ಇದನ್ನು ನೋಡಿದರೆ ಕುಣಿದಾಡುತ್ತಾರೆ."

"ಕುಣಿಯಲಿ. ಅವರು ಪಾಸಾದದ್ದು ತಪ್ಪಲ್ಲ, ಬೇರೆಯವರಿಗೆ ಅವಕಾಶ ಸಿಗದಿದ್ದದ್ದು ತಪ್ಪು. ಅಷ್ಟೇ ಬರೆದಿದ್ದೇನೆ."

ಮುಂದಿನ ವಾರ ಅಡೀಲಾ ಒಂದು ಸಭೆಗಾಗಿ ಸ್ಯಾನ್ ಫ್ರಾನ್ಸಿಸ್ಕೊಗೆ ಬರುವವಳಿದ್ದಳು. ಅದನ್ನೂ ತಿಳಿಸಿ ಮೈಥಿಲಿ ಕೊಯಾನ್‌ರನ್ನು ಊಟಕ್ಕೆ ಕರೆದರು. ಕೊಯಾನ್‌ರಿಂದ ನಾಲ್ಕು ದಿನದ ಮೇಲೆ ಉತ್ತರ ಬಂತು: ಕಾಗದ ಓದಿದೆ. ಶನಿವಾರ ಊಟಕ್ಕೆ ಬರುತ್ತೇನೆ. ಅವಳೂ ಬರಲಿ.

ಶನಿವಾರ ಜಗನ್ನಾಥ ಬಿಸಿಬೇಳೆಬಾತು ಮಾಡಿದ್ದರು. ಕೊಯಾನ್ ಒಂದು ಚೀಲ ಕಿತ್ತಳೆ ತಂದು ಹಂಸಾಳ ಕೈಗೆ ಕೊಟ್ಟರು. ಅಡೀಲಾ ಬಂದಳು. ಕರಾವಳಿಯ ಮಂತ್ರಿ ಬೆಟ್ಟದ ಹೆಡ್‌ಮಾಸ್ಟರಿಗೆ ತಲೆಬಾಗಿ ನಮಸ್ಕರಿಸಿದಳು. ಅವರು ಸುಮ್ಮನೆ ತಲೆಯಾಡಿಸಿದರು. ಮೊದಲ ತುತ್ತಿನವರೆಗೂ ಹವಾಮಾನದ ಮಾತು ನಡೆಯಿತು.

"ನನಗೆ ಮಂತ್ರಿಯ ಕುರ್ಚಿ ಬೇಡ" ಎಂದು ಕೊಯಾನ್ ಶುರು ಮಾಡಿದರು. "ಆ ಕುರ್ಚಿಗೆ ಯಾರು ಬರಬೇಕೆಂದು ಬೆಟ್ಟದ ಊರುಗಳೇ ಕೂತು ಆರಿಸಲಿ. ನನಗೆ ಬೇಕಾದದ್ದು ಆ ಪರೀಕ್ಷೆ. ಮತ್ತೆ ಮಾಡಿ. ಗೆನ್ನಾದಲ್ಲೇ, ನಮ್ಮ ಭಾಷೆಯಲ್ಲೇ. ಬೆಟ್ಟದ ಠಾಣೆಯಲ್ಲಿ ಅರ್ಧ ಜನ ಬೆಟ್ಟದವರಿರಲಿ, ಹೆಂಗಸರೂ ಇರಲಿ. ಸೇನೆ ಸಂತೆಯಿಂದ, ಶಾಲೆಯಿಂದ ದೂರವಿರಲಿ."

"ಈ ತಿಂಗಳಲ್ಲಿ ಹನ್ನೊಂದು ಮಂದಿ ಪೊಲೀಸರನ್ನು ಕೊಂದಿದ್ದಾರೆ" ಎಂದಳು ಅಡೀಲಾ. "ಕೊಂದವರಿಗೆ ಸಮವಸ್ತ್ರ ಕೊಡಿ ಎನ್ನುತ್ತೀರಾ?"

"ಇಲ್ಲ. ಕೊಂದವನು ಕೋರ್ಟಿಗೆ ಹೋಗಲಿ. ಆದರೆ ಅವನ ಹಿಂದೆ ಐನೂರು ಹುಡುಗರು ನಿಂತಿದ್ದಾರಲ್ಲ, ಅವರು ಯಾರನ್ನೂ ಕೊಂದಿಲ್ಲ. ಅನ್ನ ಹೊರುತ್ತಾರೆ, ದಾರಿ ತೋರಿಸುತ್ತಾರೆ. ಅವರಿಗೆ ಊರಲ್ಲಿ ಮಾಡಲು ಬೇರೇನೂ ಕೆಲಸವಿಲ್ಲ. ಕಾಡು ಒಂದೇ ಕರೆದದ್ದು, ಹೋದರು. ನೀವೂ ಒಮ್ಮೆ ಕರೆದು ನೋಡಿ."

ಅಡೀಲಾ ಉತ್ತರಿಸುವಷ್ಟರಲ್ಲಿ ಮೇಜಿನ ಮೇಲಿದ್ದ ಅವಳ ಫೋನ್ ಅದುರಿತು. ಓದಿದಳು. ಬೆಟ್ಟದ ರಸ್ತೆಯ ಒಂದು ಚೌಕಿಯ ಮೇಲೆ ದಾಳಿಯಾಗಿತ್ತು. ಮೂವರು ಪೊಲೀಸರು ಸತ್ತಿದ್ದರು.

ಅವಳು ಎದ್ದು ನಿಂತಳು. "ಈಗ ಹೇಳಿ. ನಾನು ರಾಜಧಾನಿಗೆ ಹೋಗಿ ಪರೀಕ್ಷೆಯ ಮಾತಾಡಿದರೆ ಮುಖಕ್ಕೆ ಉಗಿಯುತ್ತಾರೆ. ಉಗಿಯಬೇಕಾದದ್ದೇ. ಹೋದ ವರ್ಷ ಇಂಥದೇ ಒಂದು ಚೌಕಿಯಲ್ಲಿ ನನ್ನ ಸೋದರಮಾವನ ಮಗ ಸತ್ತ. ಅವನ ತಾಯಿಗೆ ನಾನು ಏನು ಹೇಳಲಿ? ಬೆಟ್ಟದವರ ಭಾಷೆಯಲ್ಲಿ ಪ್ರಶ್ನೆಪತ್ರಿಕೆ ಮುದ್ರಿಸುತ್ತಿದ್ದೇವೆ ಎನ್ನಲೇ?"

ಕೊಯಾನ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಹೆಸರು ಬಂದಿದೆಯೇ? ಓದು."

ಅವಳು ಮೂರು ಹೆಸರು ಓದಿದಳು. ಕೊನೆಯವನಿಗೆ ಹತ್ತೊಂಬತ್ತು ವರ್ಷ. ಕೊಯಾನ್ ಕಣ್ಣು ಮುಚ್ಚಿ ಒಂದೊಂದೇ ಹೆಸರನ್ನು ಅವಳ ಹಿಂದೆ ಹೇಳಿದರು, ಕರಾವಳಿಯವರು ಉಚ್ಚರಿಸುವಂತೆಯೇ, ಸಾವಕಾಶವಾಗಿ.

"ಸಾಮುವಿಗೆ ಓದು ಬರಹ ಕಲಿಸಿದ್ದು ನಾನು" ಎಂದರು ಆಮೇಲೆ. "ಅವನು ಕಾಡಿಗೆ ಹೋಗುವ ಹಿಂದಿನ ದಿನ ನನ್ನ ಮನೆಗೆ ಬಂದಿದ್ದ. ಹೋಗಬೇಡ ಎಂದು ನಾನು ಹೇಳಲಿಲ್ಲ. ನನಗೂ ಸಿಟ್ಟಿತ್ತು. ಹೋಗಲಿ, ಅವರಿಗೆ ಬುದ್ಧಿ ಬರಲಿ ಎಂದುಕೊಂಡೆ. ಇದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಮೇಡಂ ಕಾಗದ ಓದಿದ ಮೇಲೆ ನಾಲ್ಕು ದಿನ ಅದನ್ನೇ ಯೋಚಿಸಿದೆ. ಅವರು ತಮ್ಮ ತಪ್ಪು ಬರೆದು ಕಳಿಸಿದ್ದಾರೆ. ನನ್ನದನ್ನು ನಾನು ಯಾರ ವಿಳಾಸಕ್ಕೆ ಕಳಿಸಲಿ?"

ಅಡೀಲಾ ಮೆಲ್ಲಗೆ ಕೂತಳು. ಹಂಸಾ ಅವಳ ಮುಂದೆ ನೀರಿನ ಲೋಟ ಇಟ್ಟಳು.

ಆಗ ಮೈಥಿಲಿ ಮಾತಾಡಿದರು. ಬಹಳ ವರ್ಷಗಳ ನಂತರ ಅವರ ದನಿಯಲ್ಲಿ ಹಳೆಯ ಅಧಿಕಾರ ಬಂದಿತ್ತು. "ಅಡೀಲಾ, ಚೌಕಿಯ ಮೇಲೆ ಗುಂಡು ಹಾರಿಸಿದವರನ್ನು ಹಿಡಿಯಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಸೇನೆಗೆ ಅವರು ಯಾರು ಎಂದು ಗೊತ್ತಿಲ್ಲ, ಅದಕ್ಕೇ ಊರಿಗೆ ಊರನ್ನೇ ಸುತ್ತುವರಿಯುತ್ತದೆ. ಯಾವ ಹುಡುಗ ಯಾವ ಮನೆಯವನು, ಯಾರು ವಾರದಿಂದ ಊರಲ್ಲಿಲ್ಲ ಎಂದು ಊರಿನ ಪೊಲೀಸನಿಗೆ ಮಾತ್ರ ಗೊತ್ತಿರುತ್ತದೆ. ನಾನು ಮೂವತ್ತು ವರ್ಷ ಮಾಡಿದ ಕೆಲಸ ಅದು. ನಿನಗೆ ಬೆಟ್ಟದ ಪೊಲೀಸರು ಬೇಕಾದದ್ದು ಬೆಟ್ಟದವರ ಮೇಲಿನ ಕರುಣೆಯಿಂದಲ್ಲ. ಅವರಿಲ್ಲದೆ ಈ ಕೊಲೆಗಳು ನಿಲ್ಲುವುದಿಲ್ಲ. ಆ ತಾಯಿಗೆ ಅದನ್ನೇ ಹೇಳು."

ಅಡೀಲಾ ಲೋಟದ ನೀರನ್ನು ಪೂರ್ತಿ ಕುಡಿದಳು. ಕೊನೆಗೆ, "ಪರೀಕ್ಷೆಗೆ ಕಾವಲು ಯಾರು?" ಎಂದು ಕೇಳಿದಳು. ಆ ಪ್ರಶ್ನೆ ಕೇಳಿದ್ದರಲ್ಲೇ ಅವಳು ಒಪ್ಪಿಕೊಂಡಿದ್ದಾಳೆ ಎಂದು ಮೈಥಿಲಿಗೆ ತಿಳಿಯಿತು.

"ನಾನು ಕೇಳಿ ನೋಡುತ್ತೇನೆ" ಎಂದು ಕೊಯಾನ್ ಫೋನ್ ಹಿಡಿದು ಹಿತ್ತಲಿಗೆ ಹೋದರು. ಗಾಜಿನ ಬಾಗಿಲಾಚೆ ಅವರು ಬೇಲಿಯ ಉದ್ದಕ್ಕೂ ಹೋಗುತ್ತಾ ಬರುತ್ತಾ ಮಾತಾಡುವುದು ಕಾಣುತ್ತಿತ್ತು. ಒಮ್ಮೆ ಜೋರಾಗಿ ಬೈದರು, ಒಮ್ಮೆ ನಕ್ಕರು, ಒಮ್ಮೆ ಕಣ್ಣೊರೆಸಿಕೊಂಡರು. ಒಂದು ಗಂಟೆಯ ಮೇಲೆ ಒಳಗೆ ಬಂದರು. ಏಳು ಊರಿನ ಹಿರಿಯರು ಪರೀಕ್ಷೆಗೆ ತಾವೇ ಹೊಣೆ ಎಂದಿದ್ದರು. ಒಂದು ಷರತ್ತು: ಕೊಯಾನ್ ಅಲ್ಲಿ ಎದುರಿಗೆ ಇರಬೇಕು.

"ಕೆಲಸಕ್ಕೆ ರಜ ಕೇಳಬೇಕು" ಎಂದರು ಅವರು. "ಕೊಡದಿದ್ದರೆ ಬಿಡಬೇಕು."

ಕೊಡಲಿಲ್ಲ. ಬಿಟ್ಟರು.

ಮುಂದಿನ ಮೂರು ವಾರ ಮೈಥಿಲಿ ಮಿಲ್ಪಿಟಾಸ್‌ಗೆ ಓಡಾಡಿದರು. ಕೊಯಾನ್‌ರ ಚಿಕ್ಕ ಅಪಾರ್ಟ್‌ಮೆಂಟಿನಲ್ಲಿ ಇಬ್ಬರೂ ಕೂತು ಪ್ರಶ್ನೆಪತ್ರಿಕೆ ಮಾಡಿದರು. ಹಳೆಯದರಲ್ಲಿ ದೇಶದ ಬಂದರುಗಳ ಹೆಸರು ಬರೆಯಿರಿ ಎಂಬಂಥ ಪ್ರಶ್ನೆಗಳಿದ್ದವು. ಸಮುದ್ರವನ್ನೇ ನೋಡದ ಹುಡುಗರಿಗೆ ಬಂದರಿನ ಪ್ರಶ್ನೆ! ಇಬ್ಬರೂ ಅದನ್ನು ಹೊಡೆದುಹಾಕಿದರು. ಬದಲಿಗೆ ಹೀಗೆ ಬರೆದರು: ಒಂದೇ ಕಾಲುವೆಯ ನೀರಿಗೆ ಇಬ್ಬರು ನೆರೆಯವರು ಕತ್ತಿ ಹಿಡಿದಿದ್ದಾರೆ, ಅವರಲ್ಲಿ ಒಬ್ಬ ನಿನ್ನ ಚಿಕ್ಕಪ್ಪ. ನೀನು ಮೊದಲು ಯಾರ ಹತ್ತಿರ ಹೋಗುತ್ತೀಯ?

"ಇದಕ್ಕೆ ಸರಿಯುತ್ತರ ಯಾವುದು?" ಎಂದು ಕೊಯಾನ್ ಕೇಳಿದರು.

"ನನಗೂ ಗೊತ್ತಿಲ್ಲ. ಚಿಕ್ಕಪ್ಪನ ಹತ್ತಿರ ಕತ್ತಿ ಕಿತ್ತುಕೊಂಡವನಿಗೆ ನಾನಂತೂ ಪೂರ್ತಿ ಅಂಕ ಕೊಡುತ್ತೇನೆ."

ಅವತ್ತು ಮೊದಲ ಸಲ ಕೊಯಾನ್ ಅವರೆದುರು ಮನಬಿಚ್ಚಿ ನಕ್ಕರು.

ರಾಜಧಾನಿಯಲ್ಲಿ ಅಡೀಲಾ ಬೈಸಿಕೊಂಡಳು. ಪತ್ರಿಕೆಯೊಂದು ಅವಳನ್ನು ಬಂಡುಕೋರರ ಮಂತ್ರಿ ಎಂದು ಬರೆಯಿತು. ಅವಳು ಮೈಥಿಲಿಯ ಕಾಗದವನ್ನು ಸಂಪುಟದ ಸಭೆಯಲ್ಲಿ ಗಟ್ಟಿಯಾಗಿ ಓದಿದಳು. ಪೊಲೀಸ್ ಮುಖ್ಯಸ್ಥ ಎದ್ದು ಹೊರಗೆ ಹೋದ. ಅಧ್ಯಕ್ಷರು ಮಾತ್ರ ಪೂರ್ತಿ ಕೇಳಿಸಿಕೊಂಡು, ಸೇನೆಯ ಆರು ವಾರವನ್ನು ಹತ್ತು ವಾರ ಮಾಡಿಸಿದರು. ಕೊಯಾನ್ ವಿಮಾನ ಹತ್ತಿದರು. ಹಂಸಾ, ಜಗನ್ನಾಥ ಅವರನ್ನು ಏರ್‌ಪೋರ್ಟಿಗೆ ಬಿಟ್ಟು ಬಂದರು. ಕೊಯಾನ್ ಜೀವಂತ ಇರುತ್ತಾರೋ ಇಲ್ಲವೋ ಎಂಬ ಯೋಚನೆ ಮೂವರಿಗೂ ಇತ್ತು.

ಪರೀಕ್ಷೆಯ ಹಿಂದಿನ ದಿನ ಸಾಮುವಿನ ಕಡೆಯವರು ಗೆನ್ನಾಕ್ಕೆ ಹೋಗುವ ಸೇತುವೆಯನ್ನು ಸಿಡಿಸಿದರು. ಆ ಸುದ್ದಿಯನ್ನು ಮೈಥಿಲಿ ಎರಡು ಸಲ ಓದಿದರು. ಇನ್ನು ಯಾರು ಬರುತ್ತಾರೆ ಎಂದುಕೊಂಡರು. ಮರುದಿನ ಬೆಳಿಗ್ಗೆ ಫೋನ್ ನೋಡಿದರೆ ಅಡೀಲಾ ಕಳಿಸಿದ ಒಂದು ಚಿತ್ರ ಬಂದಿತ್ತು. ಎದೆಮಟ್ಟದ ಹೊಳೆಯಲ್ಲಿ, ಬಟ್ಟೆಯ ಗಂಟನ್ನು ತಲೆಯ ಮೇಲಿಟ್ಟುಕೊಂಡು, ಹುಡುಗ ಹುಡುಗಿಯರು ಸಾಲಾಗಿ ದಾಟಿ ಬರುತ್ತಿದ್ದರು. ಕೊನೆಗೆ ಲೆಕ್ಕ ಹಾಕಿದರೆ ನಾನೂರ ಹದಿನೇಳು ಜನ. ಅವರಲ್ಲಿ ತೊಂಬತ್ತಮೂರು ಹುಡುಗಿಯರು. ಸಾಮುವಿನ ಐದು ಮಂದಿ ದಳಪತಿಗಳಲ್ಲಿ ಇಬ್ಬರು ಬಂದೂಕು ಹಿರಿಯರ ಕೈಗೆ ಒಪ್ಪಿಸಿ, ವಿಚಾರಣೆಗೆ ಸಿದ್ಧ ಎಂದು ಹೇಳಿ, ತಮ್ಮ ಹುಡುಗರನ್ನು ಪರೀಕ್ಷೆಗೆ ಕಳಿಸಿದ್ದರು.

ಸಂಪುಟದಿಂದ ಎದ್ದು ಹೋಗಿದ್ದ ಪೊಲೀಸ್ ಮುಖ್ಯಸ್ಥನೂ ಅಂದು ಅಲ್ಲಿಗೆ ಬಂದಿದ್ದ. ಪರೀಕ್ಷೆ ಹೇಗೆ ಹಾಳಾಗುತ್ತದೆಂದು ನೋಡಲೆಂದೇ ಬಂದಿರಬೇಕು. ಶಾಲೆಯ ಅಂಗಳದಲ್ಲಿ ನಡುಗುತ್ತಾ ನಿಂತ ಹುಡುಗರನ್ನು ಕಂಡ. ಅವರ ಗಂಟುಗಳೂ ನೆನೆದಿದ್ದವು. ಅವನೂ ಬಡ ಮೀನುಗಾರನ ಮಗ. ಸ್ವಲ್ಪ ಹೊತ್ತು ನೋಡಿ, ಠಾಣೆಯ ಉಗ್ರಾಣ ತೆರೆಸಿ, ಇದ್ದ ಹೊಸ ಸಮವಸ್ತ್ರಗಳನ್ನೆಲ್ಲ ಹಂಚಿಸಿದ. ಹೀಗೆ ಬೆಟ್ಟದ ಹುಡುಗ ಹುಡುಗಿಯರು ಪಾಸಾಗುವ ಮೊದಲೇ ಪೊಲೀಸ್ ಬಟ್ಟೆ ತೊಟ್ಟು ಪರೀಕ್ಷೆ ಬರೆದರು. ಇನ್ನೂರ ಅರವತ್ತು ಜನ ಪಾಸಾದರು. ಉಳಿದವರು ಮುಂದಿನ ವಾರ ಬಟ್ಟೆ ಒಗೆದು, ಮಡಿಸಿ, ವಾಪಸ್ ತಂದುಕೊಟ್ಟರಂತೆ. ಒಂದೂ ಕಡಿಮೆಯಾಗಲಿಲ್ಲ.

ಎಲ್ಲವೂ ನೆಟ್ಟಗಾಗಲಿಲ್ಲ. ಸಾಮು ಕಾಡಿನಲ್ಲೇ ಉಳಿದ. ಆ ಬೇಸಿಗೆಯಲ್ಲಿ ಎರಡು ದಾಳಿಗಳಾದವು, ಹೊಸ ಪೊಲೀಸರಲ್ಲಿ ಒಬ್ಬಳು ಸತ್ತಳು. ಅವಳ ಹೆಸರನ್ನು ಕೊಯಾನ್ ಫೋನಿನಲ್ಲಿ ಹೇಳಿದಾಗ ಮೈಥಿಲಿ ಅವರ ಹಿಂದೆಯೇ ಹೇಳಿದರು. ಆದರೆ ಸೇನೆಯ ದೊಡ್ಡ ದಾಳಿ ನಡೆಯಲಿಲ್ಲ. ಚೌಕಿಯ ಮೂವರನ್ನು ಕೊಂದವರಲ್ಲಿ ಇಬ್ಬರನ್ನು ಬೆಟ್ಟದ ಪೊಲೀಸರೇ, ಒಂದು ಗುಂಡೂ ಹಾರಿಸದೆ, ಒಂದು ಮದುವೆ ಮನೆಯಲ್ಲಿ ಹಿಡಿದರು. ಏಳು ಊರುಗಳು ಕೂತು ಮಂತ್ರಿ ಸ್ಥಾನಕ್ಕೆ ಒಬ್ಬ ಸೂಲಗಿತ್ತಿಯನ್ನು ಆರಿಸಿದವು. ಆ ಬೆಟ್ಟದಲ್ಲಿ ಅವಳ ಕೈಯಲ್ಲಿ ಹುಟ್ಟದವರು ಕಡಿಮೆ. ಪ್ರಮಾಣವಚನವನ್ನು ಅವಳು ತನ್ನ ಭಾಷೆಯಲ್ಲೇ ತೆಗೆದುಕೊಂಡಳು.

ಅಕ್ಟೋಬರ್‌ನ ಒಂದು ಬೆಳಿಗ್ಗೆ ಕೊಯಾನ್ ಮತ್ತೆ ಫೋನ್ ಮಾಡಿದರು. ಪರದೆಯಲ್ಲಿ ಅವರ ಹಿಂದೆ ಶಾಲೆಯ ಗೋಡೆ ಕಾಣುತ್ತಿತ್ತು.

"ಸಾಮು ಯಾರದೋ ಕೈಯಲ್ಲಿ ಹೇಳಿ ಕಳಿಸಿದ್ದಾನೆ. ಮುಂದಿನ ವರ್ಷವೂ ಪರೀಕ್ಷೆ ಇದೆಯೇ ಎಂದು ಕೇಳಿದ್ದಾನೆ. ತನಗಲ್ಲ, ತನ್ನ ತಂಗಿಗಂತೆ."

"ನೀವೇನು ಹೇಳಿದಿರಿ?"

"ಇದೆ, ಕಾಲುವೆಯ ಪಾಠ ಓದಿಕೊಂಡು ಬರಲಿ ಎಂದೆ. ಇನ್ನೊಂದು ಸುದ್ದಿ ಮೇಡಂ. ನಿನ್ನೆ ಸಂತೆಯ ಠಾಣೆಗೆ ಒಬ್ಬ ಮುದುಕಿ ಬಂದಳು. ಯಾರೂ ಕರೆಸಿರಲಿಲ್ಲ, ತಾನೇ ಬಂದಳು. ಒಂಬತ್ತು ವರ್ಷದಲ್ಲಿ ಬೆಟ್ಟದವರು ತಾವಾಗಿ ಠಾಣೆಯ ಮೆಟ್ಟಿಲು ಹತ್ತಿದ್ದು ಇದೇ ಮೊದಲು. ಬಂದವಳೇ ಮೇಜು ಗುದ್ದಿ, ನನ್ನ ಮೇಕೆ ಕಳುವಾಗಿದೆ, ಬರೆದುಕೋ ಎಂದಳು. ಒಬ್ಬ ಕರಾವಳಿಯ ಹುಡುಗ, ಒಬ್ಬಳು ಬೆಟ್ಟದ ಹುಡುಗಿ, ಇಬ್ಬರೂ ಸೇರಿ ದೂರು ಬರೆದುಕೊಂಡರು, ನಮ್ಮ ಭಾಷೆಯಲ್ಲಿ. ಅವನಿಗೆ ಕಾಗುಣಿತ ಬರುವುದಿಲ್ಲ, ಅವಳು ತಿದ್ದಿದಳು."

"ಮೇಕೆ ಸಿಕ್ಕಿತೇ?"

"ಇನ್ನೂ ಇಲ್ಲ. ಬೆಳಿಗ್ಗೆಯಿಂದ ಇಬ್ಬರೂ ಬೆಟ್ಟ ಸುತ್ತುತ್ತಿದ್ದಾರೆ. ಮುದುಕಿಯೂ ಜೊತೆಗೆ ಹೋಗಿದ್ದಾಳೆ, ಇವರಿಗೆ ಮೇಕೆ ಕರೆಯಲು ಬರುವುದಿಲ್ಲ ಎಂದು ಬೈಯುತ್ತಾ."

ಮೈಥಿಲಿ ನಗಲು ಶುರು ಮಾಡಿದರು. ನಗುತ್ತಲೇ ಕಣ್ಣಲ್ಲಿ ನೀರು ಬಂತು. ಅಡುಗೆಮನೆಯಿಂದ ಜಗನ್ನಾಥ, "ಏನಾಯ್ತೇ?" ಎಂದು ಓಡಿ ಬಂದರು.

"ಮೇಕೆ ಕಳ್ದೋಗಿದೆಯಂತೆ ರೀ" ಎಂದರು ಮೈಥಿಲಿ. "ಕಂಪ್ಲೇಂಟ್ ಕೊಟ್ಟಿದಾರೆ!"